ಏಳನೆಯ ಯಾತ್ರಿ: ಮಹಾಪ್ರಸ್ಥಾನದ ನಾಯಿ ಮತ್ತು ಸ್ವರ್ಗದ ಬಾಗಿಲು

ಮಹಾಭಾರತದ ಹದಿನೇಳನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿ ಇರುವುದು ಮೂರೇ ಅಧ್ಯಾಯ. ಯುದ್ಧ ಮುಗಿದು 36 ವರ್ಷಗಳಾಗಿವೆ. ಯಾದವರು ಪ್ರಭಾಸದ ಕಡಲತೀರದಲ್ಲಿ ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತದ್ದು, ಕೃಷ್ಣ ಇನ್ನಿಲ್ಲವಾದದ್ದು, ದ್ವಾರಕೆ ನೀರುಪಾಲಾದದ್ದು ಅರ್ಜುನನ ಬಾಯಿಂದ ಹಸ್ತಿನಾಪುರಕ್ಕೆ ತಿಳಿದಾಗ ಧರ್ಮರಾಯ ರಾಜ್ಯ ಬಿಟ್ಟು ಹೊರಡುವ ನಿಶ್ಚಯ ಮಾಡುತ್ತಾನೆ. ಪರೀಕ್ಷಿತನಿಗೆ ಹಸ್ತಿನಾಪುರದಲ್ಲಿ ಪಟ್ಟ, ಯಾದವರಲ್ಲಿ ಉಳಿದ ವಜ್ರನಿಗೆ ಇಂದ್ರಪ್ರಸ್ಥ, ಮೇಲ್ವಿಚಾರಣೆಗೆ ಯುಯುತ್ಸು, ಪರೀಕ್ಷಿತನ ವಿದ್ಯೆಗೆ ಕೃಪಾಚಾರ್ಯ. ಇಷ್ಟು ವ್ಯವಸ್ಥೆ ಮಾಡಿ, ಕೊನೆಯ ಇಷ್ಟಿ ಮುಗಿಸಿ, ಮನೆಯ ಅಗ್ನಿಗಳನ್ನು ನೀರಿಗೆ ಬಿಟ್ಟು, ನಾರುಮಡಿ ಉಟ್ಟು ಐವರು ಅಣ್ಣತಮ್ಮಂದಿರು ಮತ್ತು ದ್ರೌಪದಿ ಊರು ಬಿಡುತ್ತಾರೆ. ಊರ ಜನ ಬಹುದೂರ ಬಂದು ಹಿಂದಿರುಗುತ್ತಾರೆ. ಉಲೂಪಿ ಗಂಗೆಗೆ ಇಳಿಯುತ್ತಾಳೆ, ಚಿತ್ರಾಂಗದೆ ಮಣಿಪುರದ ದಾರಿ ಹಿಡಿಯುತ್ತಾಳೆ. ಹಿಂದಿರುಗದೆ ಉಳಿದದ್ದು ಒಂದು ನಾಯಿ.

ಆ ನಾಯಿ ಎಲ್ಲಿಂದ ಬಂತು, ಯಾರ ಮನೆಯದು, ಯಾವ ಬಣ್ಣದ್ದು ಎಂಬುದನ್ನು ಕವಿ ಹೇಳುವುದಿಲ್ಲ. ಅದಕ್ಕೆ ಹೆಸರಿಲ್ಲ. ಯಾರೂ ಅದನ್ನು ಕರೆದಿಲ್ಲ, ಓಡಿಸಿಯೂ ಇಲ್ಲ. ಧರ್ಮರಾಯ ಮುಂದೆ, ಅವನ ಹಿಂದೆ ವಯಸ್ಸಿನ ಕ್ರಮದಲ್ಲಿ ತಮ್ಮಂದಿರು, ಅವರ ಹಿಂದೆ ದ್ರೌಪದಿ, ಎಲ್ಲರಿಗಿಂತ ಕೊನೆಯಲ್ಲಿ ನಾಯಿ. ಆದರೆ ಹೊರಟವರ ಲೆಕ್ಕ ಹೇಳುವಾಗ ಕವಿ ಆರು ಎನ್ನದೆ ಏಳು ಎನ್ನುತ್ತಾನೆ. ರಾಜ್ಯವನ್ನೂ ಬಂಧುಗಳನ್ನೂ ಒಂದೊಂದಾಗಿ ಕಳೆಯುತ್ತ ಬಂದ ಕಥೆಯಲ್ಲಿ ಕೂಡಿಸಿಕೊಂಡದ್ದು ಇದೊಂದನ್ನೇ.

ಈ ಏಳು ಮಂದಿಯ ದಾರಿ ನೇರವಾಗಿ ಹಿಮಾಲಯಕ್ಕೆ ಹೋಗುವುದಿಲ್ಲ. ಜನಮನದಲ್ಲಿ ಉಳಿದಿರುವುದು ಹಿಮದ ಮೇಲಿನ ನಡಿಗೆ. ಗ್ರಂಥದಲ್ಲಿ ಅದಕ್ಕೆ ಮೊದಲು ಕಡಲ ದಂಡೆಯ ದೀರ್ಘ ಪಯಣವಿದೆ. ಉಪವಾಸದ ವ್ರತ ತೊಟ್ಟು ಅವರು ಮೊದಲು ಪೂರ್ವಕ್ಕೆ ನಡೆದು ಕೆಂಪು ನೀರಿನ ಸಮುದ್ರವನ್ನು ಮುಟ್ಟುತ್ತಾರೆ. ಅರ್ಜುನ ಎಲ್ಲವನ್ನೂ ಬಿಟ್ಟಿದ್ದರೂ ಗಾಂಡೀವವನ್ನೂ ಎರಡು ಅಕ್ಷಯ ಬತ್ತಳಿಕೆಗಳನ್ನೂ ಬಿಟ್ಟಿರಲಿಲ್ಲ. ಅಗ್ನಿ ಪರ್ವತದಂತೆ ಎದುರಿಗೆ ನಿಂತು, ಖಾಂಡವ ದಹನಕ್ಕಾಗಿ ವರುಣನಿಂದ ತಂದುಕೊಟ್ಟ ಬಿಲ್ಲನ್ನು ವರುಣನಿಗೇ ಮರಳಿಸು ಎನ್ನುತ್ತಾನೆ. ಅರ್ಜುನ ಅವುಗಳನ್ನು ನೀರಿಗೆ ಎಸೆಯುತ್ತಾನೆ. ಅಲ್ಲಿಂದ ದಕ್ಷಿಣಕ್ಕೆ, ಉಪ್ಪುಕಡಲ ಅಂಚು ಹಿಡಿದು ನೈಋತ್ಯಕ್ಕೆ, ಆಮೇಲೆ ಪಶ್ಚಿಮಕ್ಕೆ. ಪಶ್ಚಿಮದಲ್ಲಿ ಅವರು ಸಮುದ್ರ ನುಂಗಿದ ದ್ವಾರಕೆಯನ್ನು ನೋಡುತ್ತಾರೆ. ಬಳಿಕ ಉತ್ತರಕ್ಕೆ ತಿರುಗಿ ಭೂಪ್ರದಕ್ಷಿಣೆಯನ್ನು ಮುಗಿಸುತ್ತಾರೆ.

ದ್ವಾರಕೆಯ ಮುಂದೆ ಅವರು ಎಷ್ಟು ಹೊತ್ತು ನಿಂತರು, ಏನು ಮಾತನಾಡಿದರು ಎಂಬುದು ಅಲ್ಲಿಲ್ಲ. ನೋಡಿದರು ಎಂಬಷ್ಟೇ ಇದೆ. ರಾಜಸೂಯಕ್ಕೆ ಮುನ್ನ ದಿಕ್ಕು ದಿಕ್ಕಿಗೆ ದಂಡೆತ್ತಿ ಹೋಗಿ ಕಪ್ಪ ತಂದವರು ಈಗ ಅದೇ ದಿಕ್ಕುಗಳನ್ನು ಬರಿಗೈಯಲ್ಲಿ ಸುತ್ತುತ್ತಿದ್ದಾರೆ. ಬಿಲ್ಲು ಒಂದು ಕಡಲಿಗೆ ಹೋಯಿತು, ಆಪ್ತನ ಊರು ಇನ್ನೊಂದು ಕಡಲಿಗೆ. ಪ್ರದಕ್ಷಿಣೆ ಎಂಬುದು ಇಲ್ಲಿ ಪುಣ್ಯ ಗಳಿಸುವ ಕ್ರಿಯೆಯಾಗಿರದೆ ಹಿಂದೆ ಗಳಿಸಿದ್ದನ್ನೆಲ್ಲ ಮರಳಿ ಒಪ್ಪಿಸುವ ಕ್ರಿಯೆಯಾಗಿದೆ. ನಾಯಿ ಅಷ್ಟೂ ದಾರಿಯಲ್ಲಿ ಜೊತೆಗಿತ್ತು ಎಂಬುದನ್ನು ಓದುಗ ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಕವಿ ಅದರ ಮಾತನ್ನು ಮತ್ತೆ ಎತ್ತುವುದು ಹಿಮಾಲಯ ದಾಟಿದ ಮೇಲೆ.

ಇಂದಿನ ದ್ವಾರಕೆ ಗುಜರಾತಿನ ದೇವಭೂಮಿ ದ್ವಾರಕಾ ಜಿಲ್ಲೆಯಲ್ಲಿ, ಗೋಮತಿ ಎಂಬ ಅಳಿವೆ ಅರಬ್ಬೀ ಸಮುದ್ರ ಸೇರುವಲ್ಲಿದೆ. ಶಂಕರಾಚಾರ್ಯರ ಪರಂಪರೆಯ ಪಶ್ಚಿಮಾಮ್ನಾಯ ಶಾರದಾ ಪೀಠ ಇಲ್ಲಿಯದು. ನಾಲ್ಕು ಧಾಮಗಳಲ್ಲಿ ಇದೂ ಒಂದು. ಇಲ್ಲಿನ ಕಡಲಡಿಯ ಶೋಧಕ್ಕೂ ಕನ್ನಡ ನಾಡಿಗೂ ನಿಜವಾದ ನಂಟಿದೆ. ಲೋಥಲ್ ಉತ್ಖನನದಿಂದ ಹೆಸರಾದ ಶಿಕಾರಿಪುರ ರಂಗನಾಥ ರಾವ್, ಅಂದರೆ ಪುರಾತತ್ತ್ವಜ್ಞ ಎಸ್. ಆರ್. ರಾವ್, ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪರವಾಗಿ 1980ರ ದಶಕದಲ್ಲಿ ದ್ವಾರಕೆಯ ಕಡಲಲ್ಲಿ ಮುಳುಗುಗಾರರನ್ನು ಇಳಿಸಿ ಕಲ್ಲಿನ ಕಟ್ಟಡದ ಅವಶೇಷಗಳನ್ನೂ ಕಲ್ಲಿನ ಲಂಗರುಗಳನ್ನೂ ಗುರುತಿಸಿದರು. ಅವು ಮಹಾಭಾರತದ ದ್ವಾರಕೆಯವು ಎಂದು ರಾವ್ ನಂಬಿದ್ದರು. ಬಹಳ ಈಚಿನ, ಐತಿಹಾಸಿಕ ಕಾಲದ ಬಂದರಿನ ಕುರುಹುಗಳು ಎಂಬುದು ಇನ್ನೊಂದು ಪಕ್ಷ. ಕಾಲನಿರ್ಣಯ ಏನೇ ಆಗಲಿ, ಕಡಲು ಊರನ್ನು ತಿನ್ನುತ್ತದೆ ಎಂಬ ಅನುಭವ ಆ ದಂಡೆಯ ಜನರಿಗೆ ಹಳೆಯದು ಎಂಬುದರಲ್ಲಿ ಸಂದೇಹವಿಲ್ಲ.

ಕಥೆಗೆ ಮರಳಿದರೆ, ಉತ್ತರದಲ್ಲಿ ಹಿಮಾಲಯ, ಅದರಾಚೆ ಮರಳಿನ ಕಡಲು, ಅದರಾಚೆ ಮೇರು. ಮೇರುವಿನ ದಾರಿಯಲ್ಲಿ ಒಬ್ಬೊಬ್ಬರೇ ಬೀಳುತ್ತಾರೆ. ಮೊದಲು ದ್ರೌಪದಿ, ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ. ಪ್ರತಿಯೊಬ್ಬರು ಬಿದ್ದಾಗಲೂ ಭೀಮ ಕಾರಣ ಕೇಳುತ್ತಾನೆ, ಧರ್ಮರಾಯ ಹೇಳುತ್ತಾನೆ. ದ್ರೌಪದಿಗೆ ಅರ್ಜುನನ ಮೇಲೆ ಹೆಚ್ಚಿನ ಒಲವು, ಸಹದೇವನಿಗೆ ಬುದ್ಧಿಯ ಜಂಬ, ನಕುಲನಿಗೆ ರೂಪದ್ದು, ಅರ್ಜುನನಿಗೆ ಒಂದೇ ದಿನದಲ್ಲಿ ಶತ್ರುಗಳನ್ನು ಸುಡುತ್ತೇನೆಂದ ಶೌರ್ಯದ್ದು. ಕೊನೆಗೆ ಭೀಮನೇ ಬಿದ್ದು ಕೂಗುತ್ತಾನೆ: ನಿನಗೆ ಪ್ರಿಯನಾದ ನಾನು ಬಿದ್ದಿದ್ದೇನೆ, ಏಕೆಂದು ಹೇಳು. ಅತಿಯಾಗಿ ಉಂಡೆ, ಬಲವನ್ನು ಕೊಚ್ಚಿಕೊಂಡೆ ಎಂದು ಉತ್ತರ ಬರುತ್ತದೆ. ಹೇಳುತ್ತಲೇ ಧರ್ಮರಾಯ ತಿರುಗಿ ನೋಡದೆ ಮುಂದೆ ನಡೆಯುತ್ತಾನೆ. ಈಗ ಹಿಂದೆ ಬರುತ್ತಿರುವುದು ನಾಯಿ ಮಾತ್ರ.

ಆಗ ಆಕಾಶವನ್ನೂ ಭೂಮಿಯನ್ನೂ ಮೊಳಗಿಸುತ್ತ ಇಂದ್ರನ ರಥ ಬರುತ್ತದೆ. ಇಲ್ಲಿಂದ ಮುಂದಿನ ಸಂವಾದ ಭಾರತೀಯ ನೀತಿಚಿಂತನೆಯಲ್ಲೇ ಅಪರೂಪದ್ದು, ಮತ್ತು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ರಥ ಹತ್ತು ಎಂದಾಗ ಧರ್ಮರಾಯ ಮೊದಲು ಕೇಳುವುದು ತಮ್ಮಂದಿರನ್ನೂ ದ್ರೌಪದಿಯನ್ನೂ. ಅವರಿಲ್ಲದೆ ಸ್ವರ್ಗ ಬೇಡ ಎನ್ನುತ್ತಾನೆ. ಅವರು ದೇಹ ಬಿಟ್ಟು ಮೊದಲೇ ಅಲ್ಲಿಗೆ ಹೋಗಿದ್ದಾರೆ, ನೀನು ಈ ದೇಹದಲ್ಲೇ ಬರುವೆ ಎಂದು ಇಂದ್ರ ಸಮಾಧಾನ ಹೇಳುತ್ತಾನೆ. ಮುಂದಿನ ಮಾತು ನಾಯಿಯದು. ಇದು ನನ್ನನ್ನು ನಂಬಿ ಬಂದ ಭಕ್ತ, ನನ್ನ ಜೊತೆ ಬರಲಿ, ನನ್ನ ಮನಸ್ಸು ಕ್ರೌರ್ಯಕ್ಕೆ ಒಪ್ಪದು ಎನ್ನುತ್ತಾನೆ. ಇಂದ್ರ ನಿಯಮ ಹೇಳುತ್ತಾನೆ: ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಜಾಗವಿಲ್ಲ. ನಾಯಿಯ ಕಣ್ಣು ಬಿದ್ದ ದಾನ, ಹೋಮ, ಆಹುತಿಗಳ ಫಲವನ್ನು ಕ್ರೋಧವಶರೆಂಬ ಗಣ ಕಸಿದುಕೊಳ್ಳುತ್ತದೆ. ಅಮರತ್ವ ನಿನ್ನ ಕೈಗೆ ಬಂದಿದೆ, ನಾಯಿಯನ್ನು ಬಿಡು, ಇದರಲ್ಲಿ ಕ್ರೌರ್ಯವೇನೂ ಇಲ್ಲ.

ಧರ್ಮರಾಯ ನಿಯಮವನ್ನು ಸುಳ್ಳು ಎನ್ನುವುದಿಲ್ಲ. ನಾಯಿ ಶುದ್ಧವೆಂದೂ ವಾದಿಸುವುದಿಲ್ಲ. ಅವನ ಉತ್ತರ ಬೇರೆ ನೆಲೆಯದು. ನಂಬಿದವರನ್ನು ಕೈಬಿಡುವುದು ಬ್ರಹ್ಮಹತ್ಯೆಗೆ ಸಮಾನ. ನನ್ನ ಸುಖಕ್ಕಾಗಿ ಇದನ್ನು ಬಿಡಲಾರೆ. ಹೆದರಿದವರನ್ನು, ಬೇರೆ ಗತಿಯಿಲ್ಲವೆಂದು ಬಂದವರನ್ನು, ತಮ್ಮ ಪ್ರಾಣ ಉಳಿಸಿಕೊಳ್ಳಲಾರದವರನ್ನು ಬಿಡದಿರುವುದು ನನ್ನ ವ್ರತ. ಶರಣಾಗತರನ್ನು ಒಪ್ಪಿಸಿಬಿಡುವುದು, ಸ್ತ್ರೀಹತ್ಯೆ, ಬ್ರಾಹ್ಮಣನ ಸ್ವತ್ತಿನ ಅಪಹಾರ, ಮಿತ್ರದ್ರೋಹ, ಈ ನಾಲ್ಕೂ ಒಂದು ತಕ್ಕಡಿಯಲ್ಲಿದ್ದರೆ ಭಕ್ತತ್ಯಾಗ ಇನ್ನೊಂದರಲ್ಲಿ ಅವಕ್ಕೆ ಸರಿತೂಗುತ್ತದೆ ಎಂಬುದು ಅವನ ನಿಲುವು.

ಈ ನಾಯಿ ಅವನಿಗೆ ಏನನ್ನೂ ಮಾಡಿಕೊಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಬೇಟೆಯಾಡಿಲ್ಲ, ಕಾವಲು ಕಾದಿಲ್ಲ, ದಾರಿ ತೋರಿಲ್ಲ. ಅದರ ಭಕ್ತಿಯೆಂದರೆ ಹಿಂದೆ ಬಂದದ್ದು, ಅಷ್ಟೇ. ಉಪಕಾರಕ್ಕೆ ಪ್ರತ್ಯುಪಕಾರ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರೀತಿಯಿಂದ ಹುಟ್ಟಿದ ಹೊಣೆ ಎನ್ನಲಿಕ್ಕೂ ಆಧಾರವಿಲ್ಲ, ಏಕೆಂದರೆ ಧರ್ಮರಾಯ ಅದನ್ನು ಒಮ್ಮೆಯಾದರೂ ಮುಟ್ಟಿದ, ಮೈದಡವಿದ ಪ್ರಸ್ತಾಪವಿಲ್ಲ. ಒಂದು ಜೀವ ತನ್ನ ಹೆಜ್ಜೆಯನ್ನು ನಂಬಿ ಇಷ್ಟು ದೂರ ಬಂದಿದೆ, ತಾನು ತಡೆಯಲಿಲ್ಲ. ಆ ನಂಬಿಕೆಯೇ ಹೊಣೆಯನ್ನು ಹುಟ್ಟಿಸಿತು. ಅರಣ್ಯಪರ್ವದಲ್ಲಿ ಯಕ್ಷ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವಾಗ ಇವನೇ ಆನೃಶಂಸ್ಯ, ಅಂದರೆ ಕ್ರೂರನಾಗದಿರುವುದು, ಎಲ್ಲಕ್ಕಿಂತ ದೊಡ್ಡ ಧರ್ಮ ಎಂದಿದ್ದ. ಸತ್ತ ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುತ್ತೇನೆ ಎಂದಾಗ ಸ್ವಂತ ತಾಯಿಯ ಮಗನಾದ ಭೀಮನನ್ನೋ ಅರ್ಜುನನನ್ನೋ ಕೇಳದೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದು ನಕುಲನನ್ನು ಕೇಳಿದ್ದ. ಅಲ್ಲಿ ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವರ್ಗವನ್ನೇ ಪಣವಿಟ್ಟು ಹೇಳಬೇಕಾಗಿದೆ.

ಇಂದ್ರ ಬಿಡುವುದಿಲ್ಲ. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟು ಬಂದವನಿಗೆ ನಾಯಿಯನ್ನು ಬಿಡಲು ಏನು ಅಡ್ಡಿ ಎಂದು ಕೇಳುತ್ತಾನೆ. ಇದು ನಿಜವಾಗಿ ನಾಟುವ ಪ್ರಶ್ನೆ. ಸತ್ತವರೊಡನೆ ಸಂಧಿಯೂ ಇಲ್ಲ, ವಿಗ್ರಹವೂ ಇಲ್ಲ, ಅವರನ್ನು ಬದುಕಿಸುವ ಶಕ್ತಿ ನನಗಿರಲಿಲ್ಲ, ಬದುಕಿರುವಾಗ ಅವರನ್ನು ಬಿಡಲಿಲ್ಲ ಎಂದು ಧರ್ಮರಾಯ ಹೇಳುತ್ತಾನೆ. ಆದರೆ ಗ್ರಂಥವನ್ನು ಕಣ್ಣಿಟ್ಟು ಓದಿದರೆ ಈ ಉತ್ತರದಲ್ಲಿ ಒಂದು ಬಿರುಕು ಕಾಣುತ್ತದೆ. ಭೀಮ ಬಿದ್ದ ಮೇಲೂ ಮಾತನಾಡಿದ. ಕಾರಣ ಕೇಳಿದ. ಅವನಿಗೆ ಉತ್ತರ ಕೊಟ್ಟವನು ಅವನ ಬಳಿ ನಿಲ್ಲಲಿಲ್ಲ.

ಈ ಬಿರುಕನ್ನು ಮುಚ್ಚುವ ಅಗತ್ಯವಿಲ್ಲ, ಕಥೆ ನಡೆಯುವುದೇ ಅದರ ಮೂಲಕ. ಮಹಾಪ್ರಸ್ಥಾನದ ವ್ರತ ಹಿಡಿದವನು ಹಿಂದೆ ನೋಡಬಾರದು, ಬಂಧ ಕಡಿದುಕೊಳ್ಳಬೇಕು. ಭೀಮ ಬೀಳುವವರೆಗೆ ಧರ್ಮರಾಯ ಆ ವ್ರತದಲ್ಲಿ ಅಚಲ. ನಾಯಿಯ ಸರದಿ ಬಂದಾಗ ಅದೇ ಮನುಷ್ಯ ಒಂದು ಹೆಜ್ಜೆಯೂ ಮುಂದೆ ಇಡಲಾರ. ಮುಂದಿನ ಸ್ವರ್ಗಾರೋಹಣ ಪರ್ವದಲ್ಲಿ ದುರ್ಯೋಧನ ಸ್ವರ್ಗದ ಆಸನದಲ್ಲಿ ಕುಳಿತಿರುತ್ತಾನೆ. ತಮ್ಮಂದಿರ ದನಿ ದುರ್ವಾಸನೆಯ ಕತ್ತಲ ನರಕದಿಂದ ಕೇಳಿಬರುತ್ತದೆ. ಹಿಂದಿರುಗಲು ಅವಕಾಶವಿದ್ದರೂ ಧರ್ಮರಾಯ ಅಲ್ಲೇ ನಿಲ್ಲುತ್ತೇನೆ ಎಂದು ದೇವದೂತನನ್ನು ಕಳಿಸಿಬಿಡುತ್ತಾನೆ. ಹಿಮದಲ್ಲಿ ತಿರುಗಿ ನೋಡದವನು ನರಕದಲ್ಲಿ ಕದಲದೆ ನಿಲ್ಲುವವನಾದ. ಈ ಎರಡರ ನಡುವೆ ಇರುವುದು ನಾಯಿಯ ಪ್ರಸಂಗ. ಮೋಕ್ಷವೋ ಸ್ವರ್ಗವೋ ಒಬ್ಬೊಬ್ಬರೇ ನಡೆದು ತಲುಪುವ ಊರು ಎಂಬ ಎಣಿಕೆ ಅಲ್ಲಿ ಮುರಿಯಿತು. ಜೊತೆ ಬಂದವರನ್ನು ಹೊರಗಿಟ್ಟು ಪಡೆದ ಪುಣ್ಯ ಪುಣ್ಯವೇ ಎಂಬ ಪ್ರಶ್ನೆ ಅವನಿಗೆ ಮೊದಲು ಎದುರಾದದ್ದು ತಮ್ಮಂದಿರ ರೂಪದಲ್ಲಾಗಿರದೆ, ಎಲ್ಲರಿಗಿಂತ ಕಡೆಯಲ್ಲಿ ಬರುತ್ತಿದ್ದ ಪ್ರಾಣಿಯ ರೂಪದಲ್ಲಿ.

ಇಂದ್ರನೊಡನೆಯ ಮಾತು ಮುಗಿದಾಗ ನಾಯಿ ತನ್ನ ರೂಪ ಬಿಟ್ಟು ಧರ್ಮದೇವತೆಯಾಗಿ ನಿಂತು, ಇದು ದ್ವೈತವನದ ಯಕ್ಷಪ್ರಶ್ನೆಯ ನಂತರದ ಪರೀಕ್ಷೆ ಎಂದು ತನ್ನ ಮಗನಾದ ಧರ್ಮರಾಯನನ್ನು ಹೊಗಳುತ್ತದೆ. ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ನಾಯಿ ದೇವರೇ ಆಗಿದ್ದರೆ ನಿಜವಾದ ನಾಯಿಗೆ ಸಿಕ್ಕಿದ್ದೇನು? ಸ್ವರ್ಗದ ನಿಯಮವನ್ನು ಇಂದ್ರ ಹಿಂದೆಗೆದುಕೊಂಡ ಮಾತಿಲ್ಲ. ಕ್ರೋಧವಶರ ಅಧಿಕಾರ ಹಾಗೇ ಇದೆ. ಯಾವ ನಾಯಿಯೂ ಆ ರಥ ಹತ್ತಲಿಲ್ಲ. ಈ ಆಕ್ಷೇಪವನ್ನು ಒಪ್ಪಲೇಬೇಕು. ಧರ್ಮರಾಯನ ಪಾಲಿಗೆ ಮಾತ್ರ ಅದು ನಾಯಿಯೇ ಆಗಿತ್ತು. ದೇವರೆಂದು ತಿಳಿದು ಬಿಡದಿದ್ದರೆ ಅದರಲ್ಲಿ ಹೆಚ್ಚುಗಾರಿಕೆ ಇರುತ್ತಿರಲಿಲ್ಲ. ತೀರ್ಮಾನದ ಬೆಲೆ ತೀರ್ಮಾನ ಮಾಡಿದ ಗಳಿಗೆಯ ತಿಳಿವಳಿಕೆಯ ಮೇಲೆ ನಿಂತಿದೆ.

ನಾಯಿಯ ಮೇಲಿನ ನಿಷೇಧ ಬಂದದ್ದಾದರೂ ಎಲ್ಲಿಂದ? ಋಗ್ವೇದದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಪಣಿಗಳು ಬಚ್ಚಿಟ್ಟ ಗೋವುಗಳ ಜಾಡು ಹಿಡಿದು ಹೋದ ಸರಮೆ ಇಂದ್ರನ ದೂತಿ. ಸತ್ತವರ ದಾರಿ ಕಾಯುವ, ನಾಲ್ಕು ಕಣ್ಣಿನ ಎರಡು ನಾಯಿಗಳು ಯಮನವು, ಸರಮೆಯ ಮಕ್ಕಳು. ಧರ್ಮಶಾಸ್ತ್ರಗಳ ಕಾಲಕ್ಕೆ ಚಿತ್ರ ಬದಲಾಗಿದೆ. ಶ್ರಾದ್ಧದ ಊಟವನ್ನು ನಾಯಿ ನೋಡಬಾರದೆಂದು ಮನುಸ್ಮೃತಿ ಹೇಳುವಾಗ ಅದೇ ಉಸಿರಿನಲ್ಲಿ ಹಂದಿ, ಕೋಳಿ, ಚಂಡಾಲ, ಮುಟ್ಟಾದ ಹೆಂಗಸು ಇವರನ್ನೂ ಸೇರಿಸುತ್ತದೆ. ಎಂಜಲು ತಿನ್ನುವ, ಸ್ಮಶಾನದಲ್ಲಿ ಅಲೆಯುವ, ಕಚ್ಚಿದರೆ ಹುಚ್ಚು ಹಿಡಿಸಿ ಕೊಲ್ಲುವ ಪ್ರಾಣಿಯ ಬಗ್ಗೆ ಭಯ ಇದ್ದದ್ದು ಸಹಜ. ಆದರೆ ಆ ಪಟ್ಟಿಯನ್ನು ನೋಡಿದರೆ ಭಯ ಬರಿಯ ನಾಯಿಯದಲ್ಲವೆಂಬುದು ತಿಳಿಯುತ್ತದೆ. ಶ್ವಪಚ, ಅಂದರೆ ನಾಯಿಯ ಮಾಂಸ ಬೇಯಿಸುವವನು, ಎಂಬ ಹೆಸರನ್ನೇ ಒಂದು ಜನವರ್ಗಕ್ಕೆ ಅಂಟಿಸಲಾಗಿತ್ತು. ವಿದ್ಯಾವಂತ ಬ್ರಾಹ್ಮಣ, ಹಸು, ಆನೆ, ನಾಯಿ, ಶ್ವಪಚ ಇವರಲ್ಲಿ ಪಂಡಿತನು ಸಮವನ್ನು ಕಾಣುತ್ತಾನೆ ಎಂದು ಗೀತೆ ಹೇಳುವಾಗಲೂ ನಾಯಿ ಮತ್ತು ಶ್ವಪಚ ಒಟ್ಟಿಗೆ ಬರುತ್ತಾರೆ. ಕಾಶಿಯ ಬೀದಿಯಲ್ಲಿ ನಾಲ್ಕು ನಾಯಿಗಳೊಡನೆ ಎದುರಾದ ಚಂಡಾಲನಿಗೆ ದಾರಿ ಬಿಡು ಎಂದ ಶಂಕರರು, ಬಿಡಬೇಕಾದದ್ದು ದೇಹವೋ ಆತ್ಮವೋ ಎಂಬ ಮರುಪ್ರಶ್ನೆಗೆ ತಲೆಬಾಗಿದರೆಂಬ ಐತಿಹ್ಯವೂ ಇದೇ ಗಂಟನ್ನು ಬಿಚ್ಚುತ್ತದೆ. ನಾಯಿಗೆ ಬಾಗಿಲು ಮುಚ್ಚಿದಲ್ಲೆಲ್ಲ ಯಾರೋ ಮನುಷ್ಯರಿಗೂ ಬಾಗಿಲು ಮುಚ್ಚಿತ್ತು. ಧರ್ಮರಾಯನ ಮಾತಿನ ತೂಕ ಈ ಹಿನ್ನೆಲೆಯಲ್ಲಿ ಹೆಚ್ಚುತ್ತದೆ.

ಮಹಾಭಾರತದ ಆರಂಭದಲ್ಲೂ ಒಂದು ನಾಯಿಯಿದೆ. ಪರೀಕ್ಷಿತನ ಮಗ ಜನಮೇಜಯ ಕುರುಕ್ಷೇತ್ರದಲ್ಲಿ ಸತ್ರ ನಡೆಸುತ್ತಿರುವಾಗ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆಯುತ್ತಾರೆ. ಅದು ಅಳುತ್ತ ತಾಯಿಯ ಬಳಿ ಹೋಗಿ, ಹವಿಸ್ಸನ್ನು ನಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ. ಸರಮೆ ಬಂದು ಕಾರಣ ಕೇಳಿದಾಗ ಯಜ್ಞಶಾಲೆಯಲ್ಲಿ ಯಾರೂ ಬಾಯಿಬಿಡುವುದಿಲ್ಲ. ತಪ್ಪಿಲ್ಲದವನನ್ನು ಹೊಡೆದ ನಿಮಗೆ ಕಾಣದ ಕಡೆಯಿಂದ ಭಯ ಬರಲಿ ಎಂದು ಅವಳು ಶಪಿಸುತ್ತಾಳೆ. ನಾಯಿಯನ್ನು ಕೈಬಿಡದವನ ವಂಶದವರು ಮೂರನೆಯ ತಲೆಮಾರಿನಲ್ಲಿ ನಾಯಿಯನ್ನು ವಿನಾಕಾರಣ ಹೊಡೆಯುವವರಾಗಿದ್ದಾರೆ. ಗ್ರಂಥದ ಕ್ರಮದಲ್ಲಿ ಈ ಶಾಪ ಮೊದಲು ಬರುತ್ತದೆ, ಕಾಲದ ಕ್ರಮದಲ್ಲಿ ಆಮೇಲೆ. ಆದ್ದರಿಂದ ಮಹಾಪ್ರಸ್ಥಾನವನ್ನು ಓದುವವನಿಗೆ ಧರ್ಮರಾಯನ ನಿಲುವು ಮುಂದಿನವರಿಗೆ ದಾಟಲಿಲ್ಲವೆಂಬುದು ಮೊದಲೇ ಗೊತ್ತಿರುತ್ತದೆ.

ಕನ್ನಡದ ಮಹಾಕವಿಗಳು ಈ ಪ್ರಸಂಗದವರೆಗೆ ಬರಲಿಲ್ಲ. ಪಂಪನ ಕಾವ್ಯ ಅರ್ಜುನನ ಪಟ್ಟಾಭಿಷೇಕದಲ್ಲಿ ನಿಲ್ಲುತ್ತದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ, ಗದಾಯುದ್ಧಕ್ಕೆ ಮುಗಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಬರೆದ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನಷ್ಟು ಅವನು ಹಬ್ಬಲಿಲ್ಲ. ಆದರೂ ನಾಯಿಯ ಸದ್ಗತಿಯ ಪ್ರಶ್ನೆಗೆ ಕನ್ನಡದಲ್ಲಿ ಇನ್ನೊಂದು ಉತ್ತರ ಇದೆ, ಅದು ಜೈನರದು. ಭಾಸ್ಕರ ಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಬರೆದ ಜೀವಂಧರ ಚರಿತೆಯ ಕಥಾವಸ್ತುವಿನಲ್ಲಿ, ಅನ್ನ ಮುಟ್ಟಿತೆಂದು ಬ್ರಾಹ್ಮಣರಿಂದ ಪೆಟ್ಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ಜೀವಂಧರ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನ ಕಷ್ಟಕಾಲಕ್ಕೆ ಒದಗುತ್ತದೆ. ಸರಮೆಯ ಮರಿಯದೇ ಅಪರಾಧ, ಅದೇ ಶಿಕ್ಷೆ. ಇಲ್ಲಿ ಮಾತ್ರ ವೇಷ ಹಾಕಿಕೊಂಡ ದೇವತೆಯಿಲ್ಲ, ನಾಯಿಯಾಗಿದ್ದ ಜೀವವೇ ಮೇಲಿನ ಗತಿಗೆ ಹೋಗುತ್ತದೆ. ಮೇಲೆ ಎತ್ತಿದ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು.

ಶಾಸನವೂ ಒಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949–50ರ ಕಲ್ಲು ತಕ್ಕೋಲದ ಯುದ್ಧವನ್ನೂ ಚೋಳ ರಾಜಾದಿತ್ಯನ ಸಾವನ್ನೂ ದಾಖಲಿಸುತ್ತದೆ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಏನು ಬೇಕು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದಿಗೆ ಕಾದಿ, ಎರಡೂ ಸತ್ತವು. ನಾಯಿ ಹಂದಿಗಳ ಕಾದಾಟವನ್ನು ಕೆತ್ತಿದ ಆ ಕಲ್ಲನ್ನು ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಿ ಭೂಮಿ ಬಿಟ್ಟರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ದೇವಾಲಯದ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಶಾಸನ ಎಚ್ಚರಿಸುತ್ತದೆ. ನಾಯಿಯ ಕಣ್ಣು ಬಿದ್ದರೆ ಪೂಜೆ ಕೆಡುತ್ತದೆ ಎನ್ನುವ ನಾಡಿನಲ್ಲೇ ನಾಯಿಗೆ ಪೂಜೆ ತಪ್ಪಿದರೆ ಊಟ ಪಾಪವಾಗುತ್ತದೆ ಎಂಬ ಕಟ್ಟಳೆಯೂ ಇತ್ತು. ಮೈಲಾರ, ದೇವರಗುಡ್ಡಗಳ ಗೊರವರು ಮೈಲಾರಲಿಂಗನ ನಾಯಿಗಳೆಂದು ತಮ್ಮನ್ನು ಭಾವಿಸಿ ಬೊಗಳುತ್ತ ದೋಣಿಯಲ್ಲಿಟ್ಟ ಎಡೆಯನ್ನು ಬಾಯಿ ಹಾಕಿ ಉಣ್ಣುವ ಸೇವೆ ಇಂದಿಗೂ ನಡೆಯುತ್ತದೆ. ಭೈರವನ ವಾಹನ, ದತ್ತಾತ್ರೇಯನ ಕಾಲ ಬಳಿಯ ನಾಲ್ಕು ನಾಯಿಗಳು, ಇವೆಲ್ಲ ಇದೇ ಧಾರೆಯವು.

ಬೇರೆ ಮತಗಳಲ್ಲೂ ದಾರಿಯ ನಾಯಿ ಕಾಣಿಸಿಕೊಂಡಿದೆ. ಬೈಬಲ್ಲಿನ ತೋಬಿತನ ಗ್ರಂಥದಲ್ಲಿ ತೋಬಿಯಾಸ ದೇವದೂತನೊಡನೆ ದೂರದ ಊರಿಗೆ ಹೊರಟಾಗ ಅವನ ನಾಯಿಯೂ ಹೊರಡುತ್ತದೆ, ಹಿಂದಿರುಗುವಾಗಲೂ ಜೊತೆಗಿರುತ್ತದೆ. ಕಥೆಯಲ್ಲಿ ಅದಕ್ಕೆ ಬೇರೆ ಕೆಲಸವಿಲ್ಲ. ಕುರ್‌ಆನಿನ 18ನೆಯ ಅಧ್ಯಾಯದಲ್ಲಿ ಗುಹೆಯಲ್ಲಿ ನಿದ್ರಿಸಿದ ನಂಬಿಗಸ್ತ ಯುವಕರ ನಾಯಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದೆ. ಅಲ್ಲಿಯೂ ಜನರ ಲೆಕ್ಕ ಹೇಳುವಾಗ ನಾಯಿಯನ್ನು ಸೇರಿಸಿ ಎಣಿಸುವ ಮಾತು ಬರುತ್ತದೆ. ಕಿತ್ಮೀರ್ ಎಂಬ ಹೆಸರನ್ನೂ ಸ್ವರ್ಗದಲ್ಲಿ ಜಾಗವನ್ನೂ ಅದಕ್ಕೆ ಕೊಟ್ಟದ್ದು ನಂತರದ ಪರಂಪರೆ.

ಇಂದು ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯನ್ನು ಕೂರಿಸಿಕೊಂಡು ಕಡಲತೀರದ ಪುರಾತನ ಊರುಗಳಿಗೆ ಹೋಗುವ ಕುಟುಂಬಗಳು ಹೆಚ್ಚಿವೆ. ಸೋಮನಾಥದಿಂದ ಪೋರಬಂದರಿನ ಮೇಲೆ ದ್ವಾರಕೆಗೆ ಹೋಗುವ ಕರಾವಳಿ ರಸ್ತೆ ಸುಮಾರು 230 ಕಿ.ಮೀ. ಯಾದವರು ಅಳಿದ ಪ್ರಭಾಸವನ್ನೂ ಅವರ ಮುಳುಗಿದ ಊರನ್ನೂ ಜೋಡಿಸುವ ಈ ದಾರಿಯಲ್ಲಿ ನಾಯಿಗೆ ಅಡ್ಡಿಯಿಲ್ಲ. ಅಡ್ಡಿ ಬರುವುದು ಗುಡಿಯ ಬಾಗಿಲಲ್ಲಿ. ದ್ವಾರಕಾಧೀಶನ ಗುಡಿಗೆ ಉತ್ತರದಲ್ಲಿ ಮೋಕ್ಷದ್ವಾರ, ದಕ್ಷಿಣದಲ್ಲಿ ಸ್ವರ್ಗದ್ವಾರ. ಸ್ವರ್ಗದ್ವಾರದಿಂದ 56 ಮೆಟ್ಟಿಲು ಇಳಿದರೆ ಗೋಮತಿ. ಜೊತೆ ಬಂದ ನಾಯಿಯ ಯಾತ್ರೆ ಆ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತದೆ.

ಆ ನಿಯಮವನ್ನು ಪ್ರಶ್ನಿಸುವವರಿದ್ದಾರೆ. 2022ರ ಮೇ ತಿಂಗಳಲ್ಲಿ ಯಾತ್ರಿಕನೊಬ್ಬ ತನ್ನ ಹಸ್ಕಿ ನಾಯಿಯನ್ನು ಕೇದಾರನಾಥಕ್ಕೆ ಕರೆದೊಯ್ದು ನಂದಿಯ ಮೂರ್ತಿಗೆ ಅದರ ಪಾದ ಮುಟ್ಟಿಸಿದ ವಿಡಿಯೊ ಹರಡಿ, ಬದರೀನಾಥ–ಕೇದಾರನಾಥ ದೇವಾಲಯ ಸಮಿತಿ ಪೊಲೀಸರಿಗೆ ದೂರು ಕೊಟ್ಟಿತು. ಧರ್ಮರಾಯನ ನಾಯಿಯ ಮಾತು ಆಗ ವಾದಕ್ಕೆ ಬಂತು. ಆದರೆ ಆ ಕಥೆಯನ್ನು ಗುಡಿಯ ನಿಯಮ ಮುರಿಯಲು ಸನ್ನದಿನಂತೆ ತೋರಿಸುವುದು ಸರಿಯಾದ ಓದಲ್ಲ. ಧರ್ಮರಾಯ ನಾಯಿಯನ್ನು ಬಲವಂತವಾಗಿ ರಥಕ್ಕೆ ಹತ್ತಿಸಲಿಲ್ಲ. ಇಂದ್ರನ ಮನೆಯ ನಿಯಮ ಇಂದ್ರನದು ಎಂದು ಒಪ್ಪಿ, ತಾನು ಒಳಗೆ ಹೋಗುವುದನ್ನು ಬಿಟ್ಟ. ನಿಯಮ ಬದಲಾಗಬೇಕೆ ಎಂಬುದು ಭಕ್ತರೂ ಆಡಳಿತದವರೂ ಕೂಡಿ ಕೇಳಿಕೊಳ್ಳಬೇಕಾದ ಬೇರೆ ಪ್ರಶ್ನೆ. ಅದು ಬದಲಾಗಬಲ್ಲದು ಎಂಬುದಕ್ಕೆ ಸಾಕ್ಷಿ ಕಣ್ಣೂರಿನ ಬಳಿ ವಳಪಟ್ಟಣಂ ಹೊಳೆಯ ದಂಡೆಯ ಪರಶ್ಶಿನಿಕಡವು. ಅಲ್ಲಿ ಮುತ್ತಪ್ಪನ ಸನ್ನಿಧಿಯ ಬಾಗಿಲಲ್ಲೇ ನಾಯಿಯ ಪ್ರತಿಮೆಗಳಿವೆ, ಬೀದಿನಾಯಿಗಳು ಒಳಗೆ ಯಾರ ಹಂಗೂ ಇಲ್ಲದೆ ಓಡಾಡುತ್ತವೆ.

ಕಥೆಯಿಂದ ಯಾತ್ರಿಕನಿಗೆ ತಗುಲುವ ಪ್ರಶ್ನೆ ಇನ್ನೂ ಹತ್ತಿರದ್ದು. ಧರ್ಮರಾಯ ನಾಯಿಯನ್ನು ಕರೆದಿರಲಿಲ್ಲ, ಅದು ತಾನಾಗಿ ಬಂತು. ಅಷ್ಟಕ್ಕೇ ಅವನು ಹೊಣೆ ಹೊತ್ತ. ಇಂದಿನ ಒಡೆಯ ನಾಯಿಗೆ ಪಟ್ಟಿ ಹಾಕಿ, ಎತ್ತಿ ಕಾರಿನಲ್ಲಿ ಕೂರಿಸಿ, ಅದಕ್ಕೆ ಗೊತ್ತಿಲ್ಲದ ಊರಿಗೆ ಒಯ್ಯುತ್ತಾನೆ. ಹೊಣೆ ಅವನಿಗೆ ಹೆಚ್ಚೇ ಹೊರತು ಕಡಿಮೆಯಲ್ಲ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ತೇಕುತ್ತ ಮೈಯ ಬಿಸಿ ಕಳೆಯಬೇಕು. ಹೊರಗೆ 32 ಡಿಗ್ರಿ ಇರುವಾಗ ಗಾಜು ಏರಿಸಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ 40 ಡಿಗ್ರಿ ದಾಟುತ್ತದೆ, ಒಂದು ಗಂಟೆಯಲ್ಲಿ 50ರ ಆಚೆ ಹೋಗುತ್ತದೆ. ದರ್ಶನದ ಸಾಲು ಹತ್ತು ನಿಮಿಷದಲ್ಲಿ ಕರಗುವುದಿಲ್ಲ. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ ಹೋದರೂ ಈ ಲೆಕ್ಕ ಹೆಚ್ಚೇನೂ ಬದಲಾಗದು. ಹಾಗೆ ಬಿಟ್ಟು ಒಳಗೆ ಕೈಮುಗಿದು ನಿಂತವನು, ಇಂದ್ರ ಕೇಳಿದ್ದನ್ನೇ, ಕೇಳದೆಯೇ ಮಾಡಿದಂತೆ: ಜೀವಂತವಿರುವ ಭಕ್ತನನ್ನು ಹೊರಗೆ ಬಿಟ್ಟು ರಥ ಹತ್ತಿದಂತೆ.

ಬಿಡದೆ ಇರುವ ದಾರಿಗಳು ಸರಳ. ಮನೆಯವರು ಎರಡು ಗುಂಪಾಗಿ, ಒಬ್ಬರು ದರ್ಶನ ಮುಗಿಸಿ ಬರುವವರೆಗೆ ಇನ್ನೊಬ್ಬರು ನಾಯಿಯೊಡನೆ ನೆರಳಿನಲ್ಲಿ ಕೂರಬಹುದು. ಒಬ್ಬರೇ ಬಂದಿದ್ದರೆ ನಾಯಿಯನ್ನು ಇಳಿಸಿಕೊಳ್ಳುವ ವಸತಿಯನ್ನು ಮೊದಲೇ ಗೊತ್ತುಮಾಡಿ, ಅಲ್ಲಿ ನೀರಿಟ್ಟು, ನಂಬಿಗಸ್ತರಿಗೆ ಒಪ್ಪಿಸಿ ಹೋಗಬಹುದು. ಮಧ್ಯಾಹ್ನದ ಕಾದ ಕಲ್ಲು ಅಂಗಾಲು ಸುಡುವುದರಿಂದ ಗೋಮತಿಯ ಸ್ನಾನಘಟ್ಟದ ಕಡೆ ಬೆಳಗ್ಗೆ ಇಲ್ಲವೆ ಸಂಜೆ ನಡೆಸಬೇಕು. ನೋಡಿಕೊಳ್ಳುವವರು ಯಾರೂ ಸಿಗದಿದ್ದರೆ ಶಿಖರದರ್ಶನವಿದೆ. ಗರ್ಭಗುಡಿಗೆ ಹೋಗಲಾಗದವರು ದೂರದಿಂದ ಗೋಪುರವನ್ನೋ ಶಿಖರವನ್ನೋ ಕಂಡು ಕೈಮುಗಿದರೂ ಸಾಕೆಂಬ ನಂಬಿಕೆ ಈ ದೇಶದಲ್ಲಿ ಹಿಂದಿನಿಂದ ಬಂದದ್ದು. ದ್ವಾರಕೆಯ ಶಿಖರವೂ ಅದರ ಮೇಲಿನ ಧ್ವಜವೂ ಗೋಮತಿಯ ದಂಡೆಯಿಂದ, ಮೆಟ್ಟಿಲು ಹತ್ತದವರಿಗೂ, ಸ್ಪಷ್ಟವಾಗಿ ಕಾಣುತ್ತವೆ.